ಟ್ರೇಲರ್‌ನ ಹಿಂದಿನ ದೀಪ ಪದೇ ಪದೇ ಕೈಕೊಡುವುದೇಕೆ? ಬಲ್ಬಿನದಲ್ಲ, ಅರ್ಥಿಂಗ್‌ನ ಕಥೆ

ನವಲಗುಂದ, ಅಣ್ಣಿಗೇರಿ ಕಡೆಯ ರಸ್ತೆಗಳಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಸಂಜೆ ಓಡಾಡಿದವರಿಗೆ ಇದು ಗೊತ್ತಿರುತ್ತದೆ. ಮುಂದೆ ಕತ್ತಲೆಯಲ್ಲಿ ಏನೋ ದೊಡ್ಡದಾಗಿ ನಿಂತ ಹಾಗೆ ಕಾಣುತ್ತದೆ. ಹತ್ತಿರ ಹೋದಾಗಲೇ ಅದು ಹತ್ತಿ ಅಂಡಿಗೆ ಹೇರಿದ ಟ್ರೇಲರ್ ಎಂದು ತಿಳಿಯುವುದು. ಹಿಂದೆ ದೀಪವೇ ಇಲ್ಲ, ಅಥವಾ ಇದ್ದರೂ ಗುಂಡಿ ಬಂದಾಗೊಮ್ಮೆ ಮಿಣುಕಿ ಆರುತ್ತದೆ. ಮಾಲೀಕರನ್ನು ಕೇಳಿದರೆ ಉತ್ತರ ಸಿದ್ಧವಿರುತ್ತದೆ: "ಮೊನ್ನೆನ ಹೊಸ ಬಲ್ಬ್ ಹಾಕ್ಸೇನ್ರಿ, ಮತ್ತ ಹೋಗೇತಿ."

ಬಲ್ಬ್ ಹೋಗಿರುವುದಿಲ್ಲ. ಹಳೆಯ ಟ್ರೇಲರ್‌ಗಳಲ್ಲಿ ದೀಪ ಕೈಕೊಟ್ಟಾಗ ಬಹುತೇಕ ಸಲ ತಪ್ಪು ಇರುವುದು ಕರೆಂಟ್ ಬರುವ ದಾರಿಯಲ್ಲಲ್ಲ, ಅದು ಮರಳಿ ಹೋಗುವ ದಾರಿಯಲ್ಲಿ. ಈ ಮರಳುವ ದಾರಿಯನ್ನೇ ಮೆಕ್ಯಾನಿಕ್‌ಗಳು 'ಅರ್ಥಿಂಗ್' ಎನ್ನುತ್ತಾರೆ. ಹೆಸರಿನಿಂದಲೇ ಒಂದಿಷ್ಟು ಗೊಂದಲ ಹುಟ್ಟಿಕೊಂಡಿದೆ. ಅದನ್ನು ಮೊದಲು ಬಿಡಿಸಿಕೊಳ್ಳೋಣ.

ವಾಹನದ ಅರ್ಥಿಂಗ್‌ಗೂ ಭೂಮಿಗೂ ಸಂಬಂಧವಿದೆಯೇ?

ಇಲ್ಲ. ಮನೆಯ ಅರ್ಥಿಂಗ್ ಎಂದರೆ ಗುಂಡಿ ತೋಡಿ, ಇದ್ದಿಲು, ಉಪ್ಪು ಹಾಕಿ, ಪೈಪನ್ನೋ ತಗಡನ್ನೋ ಹೂಳುವುದು. 230 ವೋಲ್ಟಿನ ಉಪಕರಣದ ಲೋಹದ ಮೈಗೆ ಕರೆಂಟ್ ಸೋರಿದರೆ ಅದು ನಮ್ಮ ಮೈಮೂಲಕ ಹರಿಯದೆ ನೆಲಕ್ಕೆ ಇಳಿಯಲಿ ಎಂಬುದು ಅದರ ಉದ್ದೇಶ. ಅದು ರಕ್ಷಣೆಯ ವ್ಯವಸ್ಥೆ. ಎಲ್ಲವೂ ಸರಿಯಿದ್ದರೆ ಆ ತಂತಿಯಲ್ಲಿ ಕರೆಂಟ್ ಹರಿಯುವುದೇ ಇಲ್ಲ.

ಟ್ರ್ಯಾಕ್ಟರ್‌ನಲ್ಲಿ ಇರುವುದು 12 ವೋಲ್ಟಿನ ಬ್ಯಾಟರಿ. ಕರೆಂಟ್ ಬ್ಯಾಟರಿಯ ಒಂದು ತುದಿಯಿಂದ ಹೊರಟು, ಬಲ್ಬಿನ ಮೂಲಕ ಹಾದು, ಇನ್ನೊಂದು ತುದಿಗೆ ಬಂದು ಸೇರಲೇಬೇಕು. ಪ್ರತಿ ಬಲ್ಬಿಗೂ ಎರಡೆರಡು ವೈರ್ ಎಳೆಯುವ ಬದಲು ಒಂದನ್ನು ಮಾತ್ರ ಎಳೆದು, ಮರಳುವ ದಾರಿಗೆ ವಾಹನದ ಕಬ್ಬಿಣದ ಮೈಯನ್ನೇ ಬಳಸುತ್ತಾರೆ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಚಾಸಿಗೆ ಬಿಗಿದಿರುವುದು ಅದಕ್ಕೇ. ಇಲ್ಲಿ 'ಅರ್ಥ್' ಎಂದರೆ ಚಾಸಿ, ಮಣ್ಣಲ್ಲ. ಟೈರು ರಬ್ಬರಿನದಾದರೂ, ಗಾಡಿ ನಿಂತಿರುವುದು ಒಣ ನೆಲವಾದರೂ, ಹಸಿ ಎರೆಮಣ್ಣಾದರೂ ದೀಪಕ್ಕೆ ವ್ಯತ್ಯಾಸವಾಗದು.

ಹಾಗಾಗಿ ಟ್ರೇಲರ್‌ಗೆ ಕಬ್ಬಿಣದ ಸರಪಳಿ ಜೋತುಬಿಟ್ಟು ನೆಲಕ್ಕೆ ತಾಗಿಸಿದರೆ ದೀಪ ಸರಿಹೋಗುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಪೆಟ್ರೋಲ್ ಟ್ಯಾಂಕರ್‌ಗಳ ಕೆಳಗೆ ಜೋತಾಡುವ ಸರಪಳಿಯನ್ನು ನೋಡಿ ಹುಟ್ಟಿದ ಮಾತಿರಬೇಕು. ಆ ಸರಪಳಿ ಇರುವುದು ಟ್ಯಾಂಕರ್ ಮೈಮೇಲೆ ಸೇರುವ ಸ್ಥಿರ ವಿದ್ಯುತ್ತನ್ನು ಇಳಿಸಲು. ದೀಪದ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಟ್ರೇಲರ್‌ನಲ್ಲಿ ಏನು ಕೆಡುತ್ತದೆ?

ಟ್ರ್ಯಾಕ್ಟರ್‌ದು ಒಂದು ಮೈ, ಟ್ರೇಲರ್‌ದು ಇನ್ನೊಂದು ಮೈ. ಎರಡನ್ನೂ ಜೋಡಿಸುವುದು ಒಂದೇ ಒಂದು ಕೊಂಡಿ ಮತ್ತು ಅದರೊಳಗಿನ ಪಿನ್ನು. ತಾಲ್ಲೂಕು ಊರುಗಳ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ವೆಲ್ಡ್ ಮಾಡಿದ ಎಷ್ಟೋ ಟ್ರೇಲರ್‌ಗಳಿಗೆ ದೀಪ ಆಮೇಲೆ ಸೇರಿದ್ದು. ಹಾಗೆ ಸೇರಿಸುವಾಗ ಟ್ರ್ಯಾಕ್ಟರ್‌ನಿಂದ ಒಂದೆರಡು 'ಗರಂ' ವೈರ್ ಎಳೆದು, ಮರಳುವ ದಾರಿಯನ್ನು ಕೊಂಡಿಯ ಮೇಲೆ ಬಿಟ್ಟಿರುತ್ತಾರೆ. ಅಂದರೆ ದೀಪದ ಕರೆಂಟಷ್ಟೂ ಆ ಪಿನ್ನಿನ ಮೂಲಕವೇ ವಾಪಸು ಹೋಗಬೇಕು.

ಆ ಪಿನ್ನಿನ ಸ್ಥಿತಿ ನೋಡಿ. ಮೇಲೆ ಗ್ರೀಸ್, ಅದರ ಮೇಲೆ ಧೂಳು, ಒಳಗೆ ತುಕ್ಕು, ಕೊಂಡಿಗೆ ಬಳಿದ ಪೇಂಟ್. ಇವು ಯಾವುದೂ ಕರೆಂಟನ್ನು ಸರಾಗವಾಗಿ ಬಿಡುವುದಿಲ್ಲ. ಮೇಲಾಗಿ ಪಿನ್ನು ರಂಧ್ರದಲ್ಲಿ ಸಡಿಲವಾಗಿ ಕುಣಿಯುತ್ತದೆ. ಎಳೆಯುವಾಗ ಒಂದು ಬದಿಗೆ ಒತ್ತಿಕೊಂಡಿರುತ್ತದೆ, ಬ್ರೇಕ್ ಒತ್ತಿದ ಕೂಡಲೇ ಇನ್ನೊಂದು ಬದಿಗೆ ಸರಿಯುತ್ತದೆ. ನಡುವಿನ ಆ ಗಳಿಗೆಯಲ್ಲಿ ಸಂಪರ್ಕ ತಪ್ಪಬಹುದು. ಬ್ರೇಕ್ ದೀಪ ಉರಿಯಬೇಕಾದ ಗಳಿಗೆಯೂ ಅದೇ. ಗ್ಯಾರೇಜ್ ಮುಂದೆ ನಿಲ್ಲಿಸಿ ನೋಡಿದಾಗ ಉರಿಯುವ ದೀಪ ರಸ್ತೆಗೆ ಇಳಿದೊಡನೆ ಮಿಣುಕುವುದರ ಗುಟ್ಟು ಇಷ್ಟೆ.

ಪಿನ್ನಿನಿಂದಾಚೆಗೂ ತೊಡಕುಗಳಿವೆ. ದೀಪದ ತಗಡನ್ನು ಪೇಂಟಿನ ಮೇಲೇ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಪೇಂಟ್ ಕರೆಂಟಿಗೆ ಗೋಡೆ. ಯೂರಿಯಾ, ಡಿಎಪಿ ಚೀಲ ಹೇರಿದ ಟ್ರೇಲರ್‌ನಲ್ಲಿ ಉದುರಿದ ಗೊಬ್ಬರ ಮಳೆನೀರಿಗೆ ಕರಗಿ ಬೋಲ್ಟುಗಳನ್ನು ಬೇಗ ತಿನ್ನುತ್ತದೆ. ಎತ್ತಿ ಸುರಿಯುವ ಟ್ರೇಲರ್ ಆಗಿದ್ದು ದೀಪ ಮೇಲಿನ ತೊಟ್ಟಿಗೆ ಕೂತಿದ್ದರೆ, ತೊಟ್ಟಿಗೂ ಚಾಸಿಗೂ ನಡುವೆ ಕೀಲಿನ ರೂಪದಲ್ಲಿ ಇನ್ನೊಂದು ಸಡಿಲು ಜಾಗ.

ಅರ್ಥಿಂಗ್ ಕೆಟ್ಟಿದೆ ಎಂದು ಗುರುತಿಸುವುದು ಹೇಗೆ?

ವೈರ್ ಪೂರ್ತಿ ತುಂಡಾಗಿದ್ದರೆ ಆ ದೀಪ ಸುಮ್ಮನೆ ಆರುತ್ತದೆ. ಅರ್ಥಿಂಗ್ ಕೆಟ್ಟರೆ ದೀಪಗಳು ಚಿತ್ರವಿಚಿತ್ರವಾಗಿ ಆಡುತ್ತವೆ. ಇಂಡಿಕೇಟರ್ ಹಾಕಿದರೆ ಟೇಲ್ ಲೈಟೂ ಜತೆಗೆ ಮಿಣುಕುತ್ತದೆ. ಬ್ರೇಕ್ ಒತ್ತಿದರೆ ಹಿಂದಿನ ದೀಪ ಪ್ರಖರವಾಗುವ ಬದಲು ಮಂಕಾಗುತ್ತದೆ. ಲೈಟ್ ಸ್ವಿಚ್ ಹಾಕದಿದ್ದರೂ ಬ್ರೇಕ್ ಒತ್ತಿದಾಗ ಟ್ರ್ಯಾಕ್ಟರ್‌ನ ಮೀಟರ್ ದೀಪವೋ ಸೈಡ್ ಲೈಟೋ ಸಣ್ಣಗೆ ಹೊತ್ತಿಕೊಳ್ಳುತ್ತದೆ. ದೆವ್ವ ಹೊಕ್ಕಂತೆ ಕಾಣುವ ಈ ಆಟಕ್ಕೆ ಸರಳ ಕಾರಣವಿದೆ.

ಹಿಂದಿನ ಬಲ್ಬಿನೊಳಗೆ ಎರಡು ತಂತುಗಳಿರುತ್ತವೆ: ಬ್ರೇಕಿಗೆ 21 ವ್ಯಾಟಿನದು, ಟೇಲ್ ಲೈಟಿಗೆ 5 ವ್ಯಾಟಿನದು. ಎರಡಕ್ಕೂ ಮರಳುವ ದಾರಿ ಒಂದೇ, ಬಲ್ಬಿನ ಹಿತ್ತಾಳೆ ಬುಡ. ಅಲ್ಲಿಂದ ಚಾಸಿಗೆ ದಾರಿ ಮುಚ್ಚಿಹೋದರೆ ಬ್ರೇಕಿನ ಕರೆಂಟ್ 21 ವ್ಯಾಟ್ ತಂತುವನ್ನು ದಾಟಿ, ಬುಡಕ್ಕೆ ಬಂದು, ಬೇರೆ ದಾರಿ ಕಾಣದೆ 5 ವ್ಯಾಟ್ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಅಲ್ಲಿಂದ ಟೇಲ್ ಲೈಟಿನ ವೈರ್ ಹಿಡಿದು ಟ್ರ್ಯಾಕ್ಟರ್ ಕಡೆಗೆ ಹೋಗಿ, ಅಲ್ಲಿರುವ ಇತರ ಬಲ್ಬುಗಳ ಮೂಲಕ ಚಾಸಿಗೆ ಇಳಿಯುತ್ತದೆ. ಕಾಲುವೆಯ ತೂಬು ಮುಚ್ಚಿದರೆ ನೀರು ಪಕ್ಕದ ಹೊಲಕ್ಕೆ ನುಗ್ಗುವ ಹಾಗೆ. ಹೀಗೆ ದೀಪಗಳು ಒಂದರ ಆಟಕ್ಕೆ ಇನ್ನೊಂದು ಕುಣಿಯುತ್ತಿದ್ದರೆ ಬಲ್ಬ್ ಬದಲಿಸಲು ಹಣ ಹಾಕಬೇಡಿ.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಉದ್ದನೆಯ ಒಂದು ವೈರಿನ ಎರಡೂ ತುದಿ ಸುಲಿದು, ಒಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಸಿ, ದೀಪಗಳನ್ನು ಹಾಕಿ, ಇನ್ನೊಂದನ್ನು ಹಿಂದಿನ ದೀಪದ ಲೋಹದ ಬುಡಕ್ಕೆ ತಾಗಿಸಿ. ದೀಪ ಒಮ್ಮೆಲೇ ಪ್ರಕಾಶಿಸಿದರೆ ರೋಗ ಸಿಕ್ಕಿತು. ತೀರಾ ಹಳೆಯ ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಚಾಸಿಗೆ ಬಿಗಿದಿರುವುದು ಬ್ಯಾಟರಿಯ ಪಾಸಿಟಿವ್ ತುದಿಯಾಗಿರಬಹುದು. ಆದ್ದರಿಂದ ಯಾವ ತುದಿ ಚಾಸಿಗೆ ಹೋಗಿದೆ ಎಂದು ಮೊದಲು ಕಣ್ಣಾರೆ ನೋಡಿ, ಆ ತುದಿಯಿಂದಲೇ ವೈರ್ ಎಳೆಯಿರಿ.

ಮಲ್ಟಿಮೀಟರ್ ಇದ್ದರೆ 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ದೀಪದ ಬುಡಕ್ಕೆ ಹಿಡಿಯಿರಿ. ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಅರ್ಧ ವೋಲ್ಟಿನೊಳಗೆ ತೋರಿಸಿದರೆ ಪರವಾಗಿಲ್ಲ. ಒಂದೆರಡು ವೋಲ್ಟ್ ತೋರಿಸಿದರೆ ಬಲ್ಬಿಗೆ ಸಲ್ಲಬೇಕಾದ ಅಷ್ಟು ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತಿದೆ ಎಂದರ್ಥ. ಹಲವರು ಬ್ಯಾಟರಿ ಕಳಚಿ ಓಮ್ಸ್‌ನಲ್ಲಿ ಅಳೆದು 'ಸೊನ್ನೆ ಬಂತು, ಚಲೋ ಐತಿ' ಎಂದು ಬಿಡುತ್ತಾರೆ. ಮೀಟರ್ ಅಳೆಯಲು ಬಿಡುವ ಕರೆಂಟ್ ಅತಿ ಸಣ್ಣದು. ಇಪ್ಪತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಎರಡು ವೋಲ್ಟ್ ಹೋದರೆ ಏನು ಮಹಾ ಎನ್ನಬೇಡಿ. ತಂತುವಿನ ಬಲ್ಬಿನ ಬೆಳಕು ವೋಲ್ಟಿನ ಜತೆ ಸಮನಾಗಿ ಇಳಿಯುವುದಿಲ್ಲ, ಬಹಳ ವೇಗವಾಗಿ ಇಳಿಯುತ್ತದೆ. 12ರ ಬದಲು 10 ವೋಲ್ಟ್ ಸಿಕ್ಕರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯುತ್ತದೆ. ಅದರ ಮೇಲೆ ಎರೆಮಣ್ಣಿನ ಕೆಸರು ಬೇರೆ.

ಸರಿಪಡಿಸುವುದು ಹೇಗೆ?

ಮುಖ್ಯ ಕೆಲಸ ಒಂದೇ: ಕೊಂಡಿಯನ್ನು ನಂಬದೆ, ಮರಳುವ ದಾರಿಗೆಂದೇ ಟ್ರ್ಯಾಕ್ಟರ್‌ನಿಂದ ಟ್ರೇಲರ್‌ನ ಪ್ರತಿ ದೀಪದವರೆಗೆ ಬೇರೆ ವೈರ್ ಎಳೆಯುವುದು. ಅದು ಉಳಿದೆಲ್ಲ ವೈರುಗಳಿಗಿಂತ ದಪ್ಪಗಿರಬೇಕು, ಏಕೆಂದರೆ ಎಲ್ಲ ದೀಪಗಳ ಕರೆಂಟೂ ಅದರಲ್ಲೇ ವಾಪಸು ಬರುತ್ತದೆ. ಎರಡು ಬ್ರೇಕ್ ಬಲ್ಬುಗಳಿಗೆ ಮೂರೂವರೆ ಆಂಪ್ ಬೇಕು. ಟೇಲ್ ಲೈಟ್, ಎರಡೂ ಬದಿಯ ಇಂಡಿಕೇಟರ್ ಎಲ್ಲ ಒಟ್ಟಿಗೆ ಉರಿದರೆ 8 ಆಂಪ್ ಹತ್ತಿರ ಬರುತ್ತದೆ.

ವೈರಿನ ದಪ್ಪ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ. ಬ್ಯಾಟರಿಯಿಂದ ಹಿಂದಿನ ದೀಪಕ್ಕೆ 8 ಮೀಟರ್ ಎಂದಿಟ್ಟುಕೊಳ್ಳಿ, ಹೋಗಿಬರಲು 16. ಸ್ಪೀಕರಿಗೆ ಹಾಕುವಂಥ ಅರ್ಧ ಚದರ ಮಿಲಿಮೀಟರಿನ ತೆಳು ವೈರ್ ಎಳೆದರೆ ಎರಡು ಬ್ರೇಕ್ ಬಲ್ಬ್ ಉರಿಯುವಾಗ ವೈರಿನಲ್ಲೇ ಸುಮಾರು 1.9 ವೋಲ್ಟ್ ನಷ್ಟ. ಅದೇ ಒಂದೂವರೆ ಚದರ ಮಿಲಿಮೀಟರ್ ತಾಮ್ರದ ವೈರಾದರೆ 0.6 ವೋಲ್ಟ್ ಆಸುಪಾಸು. ನಮ್ಮ ಸಲಹೆ: ದೀಪಗಳಿಗೆ 1.5, ಅರ್ಥಿಂಗ್‌ಗೆ 2.5. ಮನೆ ಕಟ್ಟಿಸುವಾಗ ಉಳಿದ ಒಂಟಿ ಎಳೆಯ ಗಟ್ಟಿ ವೈರ್ ಬೇಡ. ಗಾಡಿಯ ಅದುರಾಟಕ್ಕೆ ಅದು ಒಳಗೇ ಮುರಿಯುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಅನೇಕ ಎಳೆಗಳ ಆಟೋ ವೈರನ್ನೇ ಕೇಳಿ ತನ್ನಿ.

ಜೋಡಣೆಗೆ 7 ಪಿನ್ನಿನ ಟ್ರೇಲರ್ ಸಾಕೆಟ್ ಬಳಸಿ. ಈಗಿನ ಅನೇಕ ಟ್ರ್ಯಾಕ್ಟರ್‌ಗಳ ಹಿಂದೆ ಅದು ಇದ್ದೇ ಇರುತ್ತದೆ, ಖಾಲಿ ಕೂತಿರುತ್ತದೆ ಅಷ್ಟೆ. 12 ವೋಲ್ಟಿನ ವಾಹನಗಳಿಗೆ ಬಳಕೆಯಲ್ಲಿರುವ ಅಂತಾರಾಷ್ಟ್ರೀಯ ಕ್ರಮದಲ್ಲಿ 1ನೇ ಪಿನ್ ಎಡ ಇಂಡಿಕೇಟರ್, 4 ಬಲ ಇಂಡಿಕೇಟರ್, 5 ಮತ್ತು 7 ಬಲ ಹಾಗೂ ಎಡ ಟೇಲ್ ಲೈಟ್, 6 ಬ್ರೇಕ್. ನಮಗೆ ಬೇಕಾದ ಅರ್ಥಿಂಗ್ 3ನೇ ಪಿನ್, ಬಿಳಿ ವೈರ್. ಆದರೆ ನಿಮ್ಮ ಟ್ರ್ಯಾಕ್ಟರ್‌ನಲ್ಲಿ ಬಣ್ಣಗಳು ಹಾಗೇ ಇರುತ್ತವೆಂದು ನೆಚ್ಚಬೇಡಿ. ಟೆಸ್ಟ್ ಲ್ಯಾಂಪ್ ಹಿಡಿದು, ಒಂದೊಂದೇ ಸ್ವಿಚ್ ಹಾಕಿ, ಯಾವ ಪಿನ್ನಿಗೆ ಏನು ಬರುತ್ತದೆ ಎಂದು ನೋಡಿ ಬರೆದಿಟ್ಟುಕೊಳ್ಳಿ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯಿಂದ ಚಾಸಿಗೆ ಹೋಗುವ ತುದಿಯನ್ನು ಕಳಚಿ. ಅರ್ಥಿಂಗ್ ವೈರ್ ಬಿಗಿಯುವ ಕಡೆ ಪೇಂಟ್, ತುಕ್ಕು ಹೋಗಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿ. ತಾಮ್ರದ ಲಗ್ಗನ್ನು ವೈರಿಗೆ ಒತ್ತಿ ಕೂಡಿಸಿ, ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ ಗ್ರೀಸೋ ವ್ಯಾಸಲೀನೋ ಬಳಿಯಿರಿ. ಈ ಕ್ರಮ ತಪ್ಪಬಾರದು. ಗ್ರೀಸ್ ಇರುವುದು ನೀರು ಒಳನುಗ್ಗದಿರಲು, ಕರೆಂಟ್ ದಾಟಿಸಲು ಅಲ್ಲ. ವೈರುಗಳನ್ನು ಹೊಸೆದು ಕಪ್ಪು ಟೇಪ್ ಸುತ್ತುವ ಪದ್ಧತಿ ನಮ್ಮ ಬಿಸಿಲಿಗೆ ಒಂದು ಬೇಸಿಗೆ ತಾಳಿದರೆ ಹೆಚ್ಚು. ಅಂಟು ಕರಗಿ ಟೇಪ್ ಬಿಚ್ಚಿಕೊಳ್ಳುತ್ತದೆ. ವೈರನ್ನು ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿ ಚಾಸಿಯ ಒಳಬದಿಗೆ ಕಟ್ಟಿದರೆ ಕಲ್ಲು, ಕಳೆ ತಾಗುವುದು ತಪ್ಪುತ್ತದೆ. ಇಲಿ ಕಡಿಯುವುದು ತಕ್ಕಮಟ್ಟಿಗೆ ತಪ್ಪುತ್ತದೆ.

ಎರಡು ಟ್ರೇಲರ್ ಒಂದರ ಹಿಂದೊಂದು ಕಟ್ಟುವವರು ಮೊದಲನೆಯದರ ಹಿಂದೆ ಇನ್ನೊಂದು ಸಾಕೆಟ್ ಕೂಡಿಸಿ, ಎರಡನೆಯದಕ್ಕೂ ಬೇರೆ ಅರ್ಥಿಂಗ್ ವೈರನ್ನೇ ಒಯ್ಯಬೇಕು. ದೂರ ಹೆಚ್ಚಾದಷ್ಟೂ ವೋಲ್ಟ್ ನಷ್ಟ ಹೆಚ್ಚು.

ಇನ್ನೊಂದು ಮಾತು, ಇದನ್ನು ಹೇಳುವವರು ಕಡಿಮೆ. ಟ್ರೇಲರ್‌ಗೆ ವೆಲ್ಡಿಂಗ್ ಮಾಡಿಸುವಾಗ ಈ ಪ್ಲಗ್ ಕಳಚಿಯೇ ಇರಲಿ. ವೆಲ್ಡಿಂಗ್‌ನ ಕರೆಂಟ್ ನೂರು ಆಂಪ್ ದಾಟುತ್ತದೆ. ಅದರ ಅರ್ಥಿಂಗ್ ಕ್ಲಾಂಪನ್ನು ಯಾರಾದರೂ ಟ್ರ್ಯಾಕ್ಟರ್ ಮೈಗೆ ಸಿಕ್ಕಿಸಿದರೆ ಆ ಕರೆಂಟ್ ವಾಪಸು ಹೋಗಲು ನಿಮ್ಮ 2.5ರ ವೈರನ್ನೇ ಹಿಡಿದು ಅದನ್ನು ಸುಟ್ಟುಹಾಕಬಹುದು.

12 ವೋಲ್ಟ್ ತಾನೆ, ಅದರಿಂದ ಏನಾಗುತ್ತದೆ?

ಒಣ ಕೈಯಿಂದ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಬೆಂಕಿಯ ಮಾತು ಬೇರೆ. ಟ್ರ್ಯಾಕ್ಟರ್ ಬ್ಯಾಟರಿ ಸ್ಟಾರ್ಟರ್ ಮೋಟರನ್ನು ತಿರುಗಿಸಲು ನೂರಾರು ಆಂಪ್ ಕೊಡಬಲ್ಲದು. ಸಿಪ್ಪೆ ಸುಲಿದ ಗರಂ ವೈರ್ ಚಾಸಿಗೆ ತಾಗಿದರೆ ಅದೇ ಕರೆಂಟ್ ಆ ವೈರಿನಲ್ಲಿ ಹರಿದು, ಕೆಲವೇ ಸೆಕೆಂಡುಗಳಲ್ಲಿ ಪ್ಲಾಸ್ಟಿಕ್ ಹೊತ್ತಿಕೊಳ್ಳುವಷ್ಟು ಕಾಯುತ್ತದೆ. ಮೇಲೆ ಇರುವುದು ಏನು? ನವಲಗುಂದದ ಕಡೆ ಹತ್ತಿ, ಕುಂದಗೋಳದ ಕಡೆ ಒಣಮೆಣಸಿನಕಾಯಿ, ಎಲ್ಲೆಡೆ ಜೋಳದ ಕಣಿಕೆ, ಕಡಲೆ ಹೊಟ್ಟು. ಕಿಡಿಗೆ ಇವಕ್ಕಿಂತ ಬೇರೆ ಬೇಕಿಲ್ಲ. ಆದ್ದರಿಂದ ಟ್ರೇಲರ್‌ಗೆ ಹೋಗುವ ಗರಂ ವೈರಿಗೆ, ಅದು ಹೊರಡುವ ಜಾಗಕ್ಕೆ ಹತ್ತಿರದಲ್ಲೇ, 10 ಆಂಪಿನ ಫ್ಯೂಸ್ ಬೇಕೇ ಬೇಕು. ಸುಟ್ಟ ಫ್ಯೂಸಿನ ಜಾಗಕ್ಕೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನೋ ತಾಮ್ರದ ಎಳೆಯನ್ನೋ ಸುತ್ತಿದರೆ ಅದು ಇದ್ದೂ ಇಲ್ಲದಂತೆ.

ರಾತ್ರಿಯಿಡೀ ದೀಪ ಹಾಕಿದರೆ ಬ್ಯಾಟರಿ ಇಳಿಯುತ್ತದೆಯೇ?

ಜೀವ ತೆಗೆಯುವ ನಂಬಿಕೆ ಇದು. ಆಕ್ಸಲ್ ಮುರಿದೋ ಟೈರ್ ಒಡೆದೋ ಟ್ರೇಲರ್ ರಸ್ತೆ ಬದಿಗೆ ನಿಂತಿರುತ್ತದೆ. 'ಬ್ಯಾಟರಿ ಕೂತರೆ ಮುಂಜಾನೆ ಸ್ಟಾರ್ಟ್ ಆಗಲ್ಲ' ಎಂದು ದೀಪ ಆರಿಸಿ, ಹಿಂದೆ ಎರಡು ಕಲ್ಲಿಟ್ಟು, ಗಿಡದ ಟೊಂಗೆ ಸಿಕ್ಕಿಸಿ ಹೋಗಿಬಿಡುತ್ತಾರೆ.

ಲೆಕ್ಕ ನೋಡಿ. 75 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 900 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. 5 ವ್ಯಾಟಿನ ಎರಡು ಟೇಲ್ ಬಲ್ಬ್ ಹತ್ತು ಗಂಟೆ ಉರಿದರೆ ಖರ್ಚು 100. ಮುಂದಿನ ಸೈಡ್ ಲೈಟುಗಳೂ ಜತೆಗೆ ಉರಿದರೆ ಅದರ ದುಪ್ಪಟ್ಟು. ಚೆನ್ನಾಗಿರುವ ಬ್ಯಾಟರಿ ಅದರ ಮೇಲೂ ಮುಂಜಾನೆ ಎಂಜಿನ್ ತಿರುಗಿಸುತ್ತದೆ. ಎಲ್‌ಇಡಿ ದೀಪವಾದರೆ ಖರ್ಚು ಇನ್ನೂ ಕಡಿಮೆ. ಬ್ಯಾಟರಿಯನ್ನು ಬೇಗ ಬರಿದು ಮಾಡುವುದು ಹೆಡ್‌ಲೈಟ್. ಅದನ್ನು ಆರಿಸಿ, ಪಾರ್ಕಿಂಗ್ ದೀಪವನ್ನಷ್ಟೇ ಬಿಡಿ. ಓಡುವಾಗ ಅಂತೂ ಈ ಪ್ರಶ್ನೆಯೇ ಬರದು. ನಮ್ಮಲ್ಲಿ ಸಾಮಾನ್ಯವಾದ 36 ಆಂಪಿನ ಆಲ್ಟರ್ನೇಟರ್ 400 ವ್ಯಾಟಿಗೂ ಹೆಚ್ಚು ಕೊಡುತ್ತದೆ.

ಹಿಂದಿನಿಂದ ಬರುವವನ ಲೆಕ್ಕವನ್ನೂ ನೋಡಬೇಕು. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 30 ಮೀಟರ್ ದಾಟುತ್ತದೆ. ಒಣ ಡಾಂಬರಿನ ಮೇಲೂ ನಿಲ್ಲಲು ಇನ್ನೊಂದು 35 ಮೀಟರ್ ಬೇಕು. ಡಿಮ್ ಹೆಡ್‌ಲೈಟಿನಲ್ಲಿ ಮಣ್ಣು ಮೆತ್ತಿದ ಕಪ್ಪು ಟ್ರೇಲರ್ ಕಾಣುವುದೇ 50 ಮೀಟರಿನ ಆಸುಪಾಸಿನಲ್ಲಿ. ಹುಬ್ಬಳ್ಳಿ–ಗದಗ ಹೆದ್ದಾರಿಯಲ್ಲಿ ಎದುರಿನಿಂದ ಲಾರಿಯ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದರೆ ಅದೂ ಇಲ್ಲ. ಬೈಕಿನವನು ಬ್ರೇಕ್ ಒತ್ತಿಯೂ ಗುದ್ದುವುದು ಹೀಗೆ.

ಕೆಂಪು ರಿಫ್ಲೆಕ್ಟರ್ ಸ್ಟಿಕ್ಕರ್ ಇದೆ, ಸಾಕಲ್ಲವೇ?

ಬೇಕು, ಆದರೆ ಅದೊಂದೇ ಸಾಲದು. ಬೆಳಕು ಬಂದ ದಿಕ್ಕಿಗೇ ಅದನ್ನು ಹಿಂದಿರುಗಿಸುವುದು ರಿಫ್ಲೆಕ್ಟರಿನ ಗುಣ. ಹಿಂದಿನವನ ಹೆಡ್‌ಲೈಟ್ ಅದರ ಮೇಲೆ ಬೀಳದಿದ್ದರೆ, ತಿರುವಿನಲ್ಲಿ ಅಥವಾ ಹೆಡ್‌ಲೈಟೇ ಮಂಕಾದ ಹಳೆಯ ಬೈಕಿಗೆ, ಅದು ಇಲ್ಲದಂತೆಯೇ. ನೀವು ಬ್ರೇಕ್ ಒತ್ತಿದಿರೆಂದು, ಹೊಲದ ದಾರಿಗೆ ಹೊರಳುತ್ತಿದ್ದೀರೆಂದು ಅದು ಹೇಳದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989 ಕೂಡ ರಿಫ್ಲೆಕ್ಟರನ್ನೂ ದೀಪವನ್ನೂ ಬೇರೆ ಬೇರೆಯಾಗಿಯೇ ಕೇಳುತ್ತವೆ. ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ ಹುಟ್ಟುವ ಅರ್ಧ ಗಂಟೆ ಮೊದಲಿನವರೆಗೆ ದೀಪ ಉರಿಯಲೇಬೇಕು.

ಕಲಘಟಗಿ ಕಡೆಯಿಂದ ಹಳಿಯಾಳದ ಕಾರ್ಖಾನೆಗೆ ಕಬ್ಬು ಒಯ್ಯುವವರ ಪಾಡು ಬೇರೆ. ಕಬ್ಬಿನ ತುದಿಗಳು ಹಿಂದೆ ಜೋತುಬಿದ್ದು ದೀಪ, ರಿಫ್ಲೆಕ್ಟರ್ ಎರಡನ್ನೂ ಮುಚ್ಚುತ್ತವೆ. ಎಷ್ಟು ಚಂದದ ಅರ್ಥಿಂಗ್ ಇದ್ದರೇನು! ಒಂದು ಬಿದಿರಿನ ಗಳಕ್ಕೋ ಹಲಗೆಗೋ ಎರಡು ಎಲ್‌ಇಡಿ ದೀಪ ಕೂಡಿಸಿ, ಎರಡು ಮೀಟರ್ ಹೆಚ್ಚುವರಿ ವೈರ್ ಬಿಟ್ಟು, ಹೇರಿದ ಮೇಲೆ ಹೊರೆಯ ತುದಿಗೆ ಕಟ್ಟುವಂತೆ ಮಾಡಿಕೊಳ್ಳಬಹುದು. ಎಲ್‌ಇಡಿಗೆ ಪ್ಲಸ್–ಮೈನಸ್ ಅದಲುಬದಲಾದರೆ ಉರಿಯುವುದಿಲ್ಲ, ಬಲ್ಬಿನಂತಲ್ಲ. ಇಂಡಿಕೇಟರನ್ನೂ ಎಲ್‌ಇಡಿ ಮಾಡಿಸಿದರೆ ಅದು ಚಟಚಟನೆ ಬೇಗ ಮಿಣುಕತೊಡಗಬಹುದು. ಹಳೆಯ ಫ್ಲಾಷರ್ ಇಷ್ಟು ಕಡಿಮೆ ಕರೆಂಟನ್ನು ಕಂಡು ಬಲ್ಬ್ ಸುಟ್ಟಿದೆ ಎಂದುಕೊಳ್ಳುತ್ತದೆ. ಎಲ್‌ಇಡಿಗೆ ಹೊಂದುವ ಫ್ಲಾಷರ್ ಹಾಕಿಸಿದರಾಯಿತು.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ತಾಡಪಾಲು ಹೊದಿಸಿದ ಟ್ರೇಲರ್‌ಗಳು ಸಾಲುಗಟ್ಟಿ ಹೊರಡುತ್ತವೆ. ಸರಕಿನ ಟ್ರೇಲರ್‌ನಲ್ಲಿ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ, ಅದನ್ನು ಹೇಳದೆ ಬಿಡುವಂತಿಲ್ಲ. ಹಾಗಿದ್ದೂ ಹೊರಡುವವರು ತಾಡಪಾಲಿನೊಳಗಿನ ಬಲ್ಬಿಗೂ ಮೊಬೈಲ್ ಚಾರ್ಜರಿಗೂ ಟೇಲ್ ಲೈಟಿನ ವೈರನ್ನೇ ಸುಲಿದು ಗಂಟು ಹಾಕುವುದನ್ನಾದರೂ ಬಿಡಬೇಕು. ಆ ಗಂಟು ಸಡಿಲಾದರೆ ಹಿಂದಿನ ದೀಪವೂ ಹೋಗುತ್ತದೆ, ಒಳಗೆ ಕೂತವರಿಗೆ ಅದು ತಿಳಿಯುವುದೂ ಇಲ್ಲ. ಒಳಗಿನ ದೀಪಕ್ಕೆ ಚಾರ್ಜ್ ಮಾಡುವ ಲ್ಯಾಂಪ್ ತೂಗುಹಾಕಿದರೆ ಸಾಕು. ಹೊರಡುವ ಮುನ್ನ ಒಬ್ಬರು ಹಿಂದೆ ನಿಂತು, ಇನ್ನೊಬ್ಬರು ಬ್ರೇಕ್, ಇಂಡಿಕೇಟರ್, ಟೇಲ್ ಲೈಟ್ ಮೂರನ್ನೂ ಒಟ್ಟಿಗೇ ಹಾಕಿ ನೋಡಿ. ಒಂದೊಂದಾಗಿ ಹಾಕಿದಾಗ ಸರಿಯಾಗಿ ಉರಿದು, ಒಟ್ಟಿಗೆ ಹಾಕಿದಾಗ ಮಂಕಾದರೆ ಅರ್ಥಿಂಗ್ ಇನ್ನೂ ಎಲ್ಲೋ ಸಡಿಲಿದೆ. ಬ್ಯಾಟರಿಯ ತುದಿಯಿಂದ ಹಿಂದಿನ ದೀಪದವರೆಗೆ ಒಂದೊಂದೇ ಬೋಲ್ಟ್ ನೋಡುತ್ತ ಬನ್ನಿ.